ಸುಮ್ಮನಿರಲು ಕಲಿತ ಬಣ್ಣ

ನೋಡಲು ಅದು ಬರೀ ನೀರು. ಬಣ್ಣವಿಲ್ಲ, ನೀಲಿ ಬೆಳಕು ಹಾಯಿಸಿದರೂ ಮಿನುಗುವುದಿಲ್ಲ. ಮನುಷ್ಯರ ಅಂಡಾಶಯದ ಕ್ಯಾನ್ಸರ್ ಕೋಶಗಳನ್ನು ಇಲಿಯ ಹೊಟ್ಟೆಯಲ್ಲಿ ಬೆಳೆಸಿ, ಆ ದ್ರವವನ್ನು ಒಳಪೊರೆಯ ಮೇಲೆ ಸಿಂಪಡಿಸುತ್ತಾರೆ. ಒಂದು ನಿಮಿಷ ಆಗುವಷ್ಟರಲ್ಲಿ ಅಲ್ಲಲ್ಲಿ ಹಸಿರು ಚುಕ್ಕೆಗಳು ಏಳತೊಡಗುತ್ತವೆ. ಚುಕ್ಕೆ ಎದ್ದಲ್ಲೆಲ್ಲ ಗಂತಿ ಇದೆ. ಒಂದು ಮಿಲಿಮೀಟರಿಗಿಂತ ಸಣ್ಣ ಗಂತಿಯೂ ಹೀಗೆ ಕಣ್ಣಿಗೆ ಬೀಳಬಲ್ಲದು. 2011ರ ನವೆಂಬರಿನಲ್ಲಿ ‘ಸೈನ್ಸ್ ಟ್ರಾನ್ಸ್‌ಲೇಷನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಈ ಕೆಲಸ ಪ್ರಕಟವಾಯಿತು. ಇದರ ಹಿಂದಿದ್ದವರು ಟೋಕಿಯೊ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಯಾಸುತೆರು ಉರಾನೊ ಮತ್ತು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯ ವಿಜ್ಞಾನಿ ಹಿಸಾತಾಕಾ ಕೊಬಾಯಾಶಿ.

ಚಿತ್ರ ನೋಡಿದವರೆಲ್ಲ ಆ ಹಸಿರಿಗೆ ಬೆರಗಾಗುತ್ತಾರೆ. ನನಗೆ ಹೆಚ್ಚು ಬೆರಗು ಹಸಿರು ಮೂಡುವುದಕ್ಕೆ ಮುಂಚಿನ ಆ ನಿಮಿಷದ್ದು. ಹೊಳೆಯುವ ಬಣ್ಣ ತಯಾರಿಸುವುದು ರಸಾಯನಶಾಸ್ತ್ರಕ್ಕೆ ಹಳೆಯ ವಿದ್ಯೆ. ಹೊಳೆಯಬಲ್ಲ ಬಣ್ಣವನ್ನು ಬಾಯಿ ಕಟ್ಟಿ ಕೂರಿಸಿ, ಬೇಕಾದ ಕೋಶದ ಹತ್ತಿರ ಹೋದಾಗ ಮಾತ್ರ ಬಾಯಿ ಬಿಡುವಂತೆ ಮಾಡುವುದೇ ಈ ಕಸುಬಿನ ನಿಜವಾದ ಹೆಚ್ಚುಗಾರಿಕೆ. ಇಂಥ ಅಣುಗಳನ್ನು ಪ್ರತಿದೀಪ್ತ ಶೋಧಕಗಳು ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅದು ‘ಪ್ರೋಬ್’.

ಮೊದಲು ಹೊಳೆಯುವುದೆಂದರೇನು ಎಂದು ನೋಡೋಣ. ಕೆಲವು ಅಣುಗಳು ಬೆಳಕನ್ನು ನುಂಗುತ್ತವೆ. ಅವುಗಳ ಇಲೆಕ್ಟ್ರಾನು ಮೇಲಿನ ಮಟ್ಟಕ್ಕೆ ಏರುತ್ತದೆ, ಅಲ್ಲಿ ಸ್ವಲ್ಪ ಶಕ್ತಿಯನ್ನು ಶಾಖವಾಗಿ ಕಳೆದುಕೊಂಡು ಕೆಳಗಿಳಿಯುತ್ತದೆ. ಇಳಿಯುವಾಗ ಉಳಿದ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ. ಸ್ವಲ್ಪ ಶಕ್ತಿ ಸೋರಿಹೋಗಿರುವುದರಿಂದ ಹೊರಬರುವ ಬೆಳಕು ಒಳಹೋದ ಬೆಳಕಿಗಿಂತ ಕೆಂಪಿನ ಕಡೆಗೆ ಸರಿದಿರುತ್ತದೆ: ನೀಲಿ ಕೊಟ್ಟರೆ ಹಸಿರು, ಹಸಿರು ಕೊಟ್ಟರೆ ಕಿತ್ತಳೆ. ಇಷ್ಟೂ ಕೆಲವೇ ನ್ಯಾನೊಸೆಕೆಂಡಿನಲ್ಲಿ ಮುಗಿಯುತ್ತದೆ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ದ್ರಾವಣದಲ್ಲಿ ಈ ಬಣ್ಣದ ಸರಿತವನ್ನು ನೋಡಿ 1852ರಲ್ಲಿ ವಿವರಿಸಿದವರು ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಇಡೀ ಕಸುಬು ನಿಂತಿರುವುದು ಈ ಸಣ್ಣ ಸರಿತದ ಮೇಲೆಯೇ. ಕೊಟ್ಟ ಬೆಳಕನ್ನು ಫಿಲ್ಟರಿನಿಂದ ತಡೆದು, ಬಂದ ಬೆಳಕನ್ನಷ್ಟೇ ಕಣ್ಣಿಗೆ ಬಿಡಬಹುದು. ಆಗ ಉಳಿದದ್ದೆಲ್ಲ ಕಪ್ಪಾಗಿ ಕಾಣುತ್ತದೆ.

ಇಲ್ಲಿ ಬೆಂಗಳೂರಿನ ನೆನಪೊಂದು ನುಸುಳುತ್ತದೆ. 1920ರ ದಶಕದಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರ ತಂಡಕ್ಕೆ ದ್ರವಗಳಲ್ಲಿ ಕಂಡ ಮಂಕು ಬೆಳಕು ಕಲ್ಮಶದಿಂದ ಬರುವ ದುರ್ಬಲ ಪ್ರತಿದೀಪ್ತಿ ಎನಿಸಿತ್ತು. ಎಷ್ಟು ಶುದ್ಧಗೊಳಿಸಿದರೂ ಅದು ಹೋಗಲಿಲ್ಲ. ಅದು ಬೇರೆಯೇ ವಿದ್ಯಮಾನವೆಂದು ಖಚಿತವಾದ ಮೇಲೆ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಮಾಡಿದ ಭಾಷಣದಲ್ಲಿ ರಾಮನ್ ಅದನ್ನು ವಿಸ್ತಾರವಾಗಿ ವಿವರಿಸಿದರು. ಇಂದಿಗೂ ರಾಮನ್ ರೋಹಿತ ತೆಗೆಯುವವರಿಗೆ ಪ್ರತಿದೀಪ್ತಿಯೊಂದು ಕಿರಿಕಿರಿ. ನಮ್ಮ ಕಥೆಯಲ್ಲಿ ಅದೇ ನಾಯಕ.

1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಫ್ಲೋರೆಸೀನ್ ಎಂಬ ಬಣ್ಣ ತಯಾರಿಸಿದರು. ಕಣ್ಣಿನ ಡಾಕ್ಟರು ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ರೆಪ್ಪೆಗೆ ತಾಗಿಸಿ, ನೀಲಿ ದೀಪದಲ್ಲಿ ಕಣ್ಣಿನ ಗೀರು ನೋಡುತ್ತಾರಲ್ಲ, ಆ ಬಣ್ಣ ಇದೇ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಮಿನೆಸೋಟದ ಜಾರ್ಜ್ ಮೂರ್ ಇದನ್ನು ರಕ್ತಕ್ಕೆ ಕೊಟ್ಟು ಮೆದುಳಿನ ಗಂತಿಗಳನ್ನು ಗುರುತಿಸಲು ನೋಡಿದರು. ಗಂತಿಯ ರಕ್ತನಾಳಗಳು ಸೋರುವುದರಿಂದ ಬಣ್ಣ ಅಲ್ಲಿ ಹೆಚ್ಚು ಸೇರುತ್ತದೆ. ಉಪಾಯ ಚೆನ್ನಾಗಿತ್ತು. ಆದರೆ ಬಣ್ಣ ಮೈತುಂಬ ಹೊಳೆಯುತ್ತಿರುವಾಗ ಗಂತಿಯಲ್ಲಿ ‘ಸ್ವಲ್ಪ ಹೆಚ್ಚು’ ಹೊಳೆಯುವುದನ್ನು ಕಣ್ಣು ಹಿಡಿಯಬೇಕು. ದೊಡ್ಡ ಗಂತಿಯಾದರೆ ಹಿಡಿಯುತ್ತದೆ, ರಾಗಿ ಕಾಳಿನಷ್ಟಿದ್ದರೆ ಹಿನ್ನೆಲೆಯಲ್ಲಿ ಮುಳುಗಿಹೋಗುತ್ತದೆ. ಮೊದಲ ಹಂತದಲ್ಲೇ ಕ್ಯಾನ್ಸರ್ ಹಿಡಿಯಬೇಕೆನ್ನುವವರಿಗೆ ಬೇಕಿರುವುದೋ ಆ ರಾಗಿ ಕಾಳೇ.

ಹಾಗಾಗಿ ಬಣ್ಣವನ್ನು ಇನ್ನಷ್ಟು ಪ್ರಖರ ಮಾಡುವುದಕ್ಕಿಂತ ಹಿನ್ನೆಲೆಯನ್ನು ಕಪ್ಪಾಗಿಸುವುದೇ ಜಾಣತನ. 1999ರಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಾಲ್ಫ್ ವೈಸ್ಲೆಡರ್ ಮತ್ತು ಸಂಗಡಿಗರು ಒಂದು ದಾರಿ ತೋರಿಸಿದರು. ಒಂದು ಉದ್ದನೆಯ ಪಾಲಿಮರ್ ಎಳೆಯ ಮೇಲೆ ಬಣ್ಣದ ಅಣುಗಳನ್ನು ಒತ್ತೊತ್ತಾಗಿ ಕೂರಿಸಿದರು. ಅಷ್ಟು ಹತ್ತಿರವಿದ್ದರೆ ಅವು ಒಂದರ ಬೆಳಕನ್ನು ಇನ್ನೊಂದು ನುಂಗಿ ಆರಿಸುತ್ತವೆ. ಗಂತಿ ತನ್ನ ಸುತ್ತಲಿನ ಜಾಲವನ್ನು ಕಡಿದು ಹರಡಲು ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ಬಿಡುತ್ತದೆ. ಆ ಕಿಣ್ವಗಳು ಎಳೆಯನ್ನೂ ಕತ್ತರಿಸಿದಾಗ ಬಣ್ಣದ ಅಣುಗಳು ಚದುರಿ ಹೊಳೆಯತೊಡಗುತ್ತವೆ. ಇಲ್ಲಿ ಇನ್ನೊಂದು ಲಾಭ ಅಡಗಿದೆ. ಕಿಣ್ವ ಒಂದು ಸಲ ಕತ್ತರಿಸಿ ಸುಮ್ಮನಾಗುವುದಿಲ್ಲ. ಒಂದೇ ಕಿಣ್ವ ನೂರಾರು, ಸಾವಿರಾರು ಶೋಧಕಗಳನ್ನು ಬೆಳಗಿಸುತ್ತಾ ಹೋಗುತ್ತದೆ. ಸಣ್ಣ ಗಂತಿಯ ಸಣ್ಣ ಸುಳಿವು ತಾನೇ ದೊಡ್ಡದಾಗುತ್ತದೆ.

ಉರಾನೊ ಹಿಡಿದದ್ದು ಇನ್ನೂ ನಾಜೂಕಿನ ದಾರಿ: ಒಂದೇ ಅಣುವಿನೊಳಗೆ ಕತ್ತಲನ್ನು ಕಟ್ಟುವುದು. ಫ್ಲೋರೆಸೀನ್ ಹೊಳೆಯಬೇಕಾದರೆ ಅದರ ಮೇಲ್ಭಾಗದ ಬೆಂಜೀನ್ ಉಂಗುರದಲ್ಲಿ ಕಾರ್ಬಾಕ್ಸಿಲ್ ಗುಂಪು ಇರಲೇಬೇಕೆಂದು ರಸಾಯನಶಾಸ್ತ್ರಜ್ಞರು ಬಹುಕಾಲ ನಂಬಿದ್ದರು. ತೆತ್ಸುಒ ನಗಾನೊ ಮತ್ತು ಉರಾನೊ ಅವರ ತಂಡ ಅದನ್ನು ತೆಗೆದು, ಅಲ್ಲೊಂದು ಸಾದಾ ಮೀಥೈಲ್ ಗುಂಪು ಇಟ್ಟು ನೋಡಿತು. ಹೊಳಪು ಹೋಗಲಿಲ್ಲ. ಆ ಜಾಗದಲ್ಲಿ ಬೇಕಿದ್ದದ್ದು ರಾಸಾಯನಿಕ ಗುಣವಲ್ಲ, ಜಾಗ ತುಂಬುವ ಒಂದು ವಸ್ತು. ಅದು ಅಡ್ಡ ಇದ್ದರೆ ಮೇಲಿನ ಉಂಗುರ ಕೆಳಗಿನ ಚಪ್ಪಟೆ ಭಾಗಕ್ಕೆ ಲಂಬವಾಗಿ ನಿಲ್ಲುತ್ತದೆ, ಅಷ್ಟೇ ಸಾಕು. ಅದಕ್ಕಿಂತ ಮುಖ್ಯವಾದದ್ದು, ಮೇಲಿನ ಉಂಗುರದಲ್ಲಿ ಇಲೆಕ್ಟ್ರಾನು ಸಮೃದ್ಧವಾಗಿದ್ದರೆ ಅದು ಕೆಳಗಿನ ಭಾಗಕ್ಕೆ ಜಾರಿ ಬೆಳಕನ್ನು ಆರಿಸಿಬಿಡುತ್ತದೆ ಎಂಬುದು. ಅಲ್ಲಿಗೆ ಯಾವ ಅಣು ಹೊಳೆಯುತ್ತದೆ, ಯಾವುದು ಹೊಳೆಯುವುದಿಲ್ಲ ಎಂದು ಫ್ಲಾಸ್ಕು ಮುಟ್ಟುವ ಮೊದಲೇ ಲೆಕ್ಕ ಹಾಕುವುದು ಸಾಧ್ಯವಾಯಿತು. 2005ರಲ್ಲಿ ಹೊರಬಂದ ಈ ಬಣ್ಣಗಳ ಕುಟುಂಬಕ್ಕೆ ‘ಟೋಕಿಯೊಗ್ರೀನ್’ ಎಂದು ಹೆಸರಿಟ್ಟರು. ಅದುವರೆಗೆ ನೂರು ಅಣು ಮಾಡಿ ಒಂದು ಹೊಳೆದರೆ ಅದೃಷ್ಟ ಎನ್ನುವಂತಿದ್ದ ಕೆಲಸ ಇಲ್ಲಿಂದ ವಿನ್ಯಾಸವಾಯಿತು ಎಂಬುದು ನನ್ನ ಎಣಿಕೆ.

2011ರ ಸಿಂಪಡಿಕೆಯ ಅಣು ಈ ವಿದ್ಯೆಯ ಮುಂದಿನ ಮೆಟ್ಟಿಲು. ಇದರ ಮೂಲ ರೊಡಮೀನ್ ಎಂಬ ಬಣ್ಣ, ಫ್ಲೋರೆಸೀನಿನ ಹತ್ತಿರದ ನೆಂಟ. ಇದರಲ್ಲಿ ಕಾರ್ಬಾಕ್ಸಿಲ್ ಗುಂಪಿನ ಬದಲು ಹೈಡ್ರಾಕ್ಸಿಮೀಥೈಲ್ ಗುಂಪು ಕೂರಿಸಿದ್ದಾರೆ. ಈ ಗುಂಪಿಗೆ ಒಂದು ಚಪಲ: ಅವಕಾಶ ಸಿಕ್ಕರೆ ಬಾಗಿ, ಅಣುವಿನ ನಡುವಿನ ಇಂಗಾಲವನ್ನು ಹಿಡಿದುಕೊಂಡುಬಿಡುತ್ತದೆ. ಹಿಡಿದರೆ ಹೊಸದೊಂದು ಉಂಗುರ ಮುಚ್ಚಿಕೊಳ್ಳುತ್ತದೆ, ಇಲೆಕ್ಟ್ರಾನುಗಳು ಅಣುವಿನ ಈ ತುದಿಯಿಂದ ಆ ತುದಿಗೆ ಓಡಾಡುವ ದಾರಿ ಮುರಿಯುತ್ತದೆ, ಬಣ್ಣವೂ ಹೊಳಪೂ ಮಾಯ. ಬಿಟ್ಟರೆ ದಾರಿ ತೆರೆದು ಮತ್ತೆ ಹಸಿರು. ಹಿಡಿಯಬೇಕೋ ಬಿಡಬೇಕೋ ಎಂಬುದನ್ನು ನಿರ್ಧರಿಸುವುದು ಅಣುವಿನ ಪಕ್ಕದಲ್ಲಿರುವ ಅಮೀನ್ ಗುಂಪು. ಅದು ಬಿಡುವಾಗಿದ್ದರೆ ನಮ್ಮ ಮೈಯ ಸಹಜ ಕ್ಷಾರತೆಯಲ್ಲಿ, ಅಂದರೆ ಪಿಎಚ್ 7.4ರಲ್ಲಿ, ಅಣು ಹೆಚ್ಚಾಗಿ ತೆರೆದೇ ಇರುತ್ತದೆ. ಅದಕ್ಕೆ ಗ್ಲುಟಾಮಿಕ್ ಆಮ್ಲದ ಒಂದು ತುಣುಕನ್ನು ಕಟ್ಟಿದರೆ ಮುಚ್ಚಿಕೊಳ್ಳುತ್ತದೆ. ಮುಟ್ಟಿದರೆ ಮುನಿ ಗಿಡದ ತಿರುಗುಮುರುಗು ಎನ್ನಿ: ಮುಟ್ಟುವವರೆಗೆ ಮುದುಡಿಕೊಂಡು, ಮುಟ್ಟಿದಾಗ ಅರಳುತ್ತದೆ. ಆದರೆ ಯಾರು ಮುಟ್ಟಿದರೂ ಅರಳುವುದಿಲ್ಲ. ಆ ತುಣುಕನ್ನು ಕತ್ತರಿಸಬಲ್ಲ ಕಿಣ್ವವೇ ಬಂದು ಮುಟ್ಟಬೇಕು.

ಆ ಕಿಣ್ವದ ಪರಿಚಯ ಓದುಗರಲ್ಲಿ ಹಲವರಿಗೆ ಇದ್ದೇ ಇದೆ. ಯಕೃತ್ತಿನ ರಕ್ತಪರೀಕ್ಷೆಯ ಲ್ಯಾಬ್ ವರದಿಯಲ್ಲಿ ‘ಜಿಜಿಟಿ’ ಎಂಬ ಸಾಲು ನೋಡಿರುತ್ತೀರಿ. ಗಾಮಾ ಗ್ಲುಟಾಮಿಲ್ ಟ್ರಾನ್ಸ್‌ಫರೇಸ್ ಎಂಬುದರ ಗಿಡ್ಡ ಹೆಸರು ಅದು. ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವನ್ನು ಒಡೆದು, ಕೋಶಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಒದಗಿಸುವುದು ಇದರ ಕೆಲಸ. ಒತ್ತಡದಲ್ಲಿ ಬದುಕುವ ಹಲವು ಕ್ಯಾನ್ಸರ್ ಕೋಶಗಳು ಇದನ್ನು ಹೆಚ್ಚು ಮಾಡಿಕೊಂಡಿರುತ್ತವೆ. ಉರಾನೊ ಇದನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ, ಇದು ಕೋಶದ ಹೊರಮೈಯಲ್ಲಿ, ಹೊರಕ್ಕೆ ಬಾಯಿ ಮಾಡಿಕೊಂಡು ಕೂತಿರುವುದು. ಶೋಧಕ ಕೋಶದೊಳಗೆ ನುಗ್ಗಲು ಒದ್ದಾಡಬೇಕಿಲ್ಲ, ಹೊಸ್ತಿಲಲ್ಲೇ ಕೆಲಸವಾಗುತ್ತದೆ. ಅರಳಿದ ಬಣ್ಣ ಆಮೇಲೆ ಕೋಶದೊಳಗೆ ಇಳಿದು ಅಲ್ಲೇ ಉಳಿಯುತ್ತದೆ, ಪಕ್ಕಕ್ಕೆ ಹರಡಿ ಗೊಂದಲ ಮಾಡುವುದಿಲ್ಲ.

ಆದರೂ ಎಲ್ಲ ಗಂತಿಗಳಲ್ಲೂ ಜಿಜಿಟಿ ಇರುವುದಿಲ್ಲ. ಆರೋಗ್ಯವಂತ ಮೂತ್ರಪಿಂಡದಲ್ಲಿ ಬೇಕಾದಷ್ಟಿರುತ್ತದೆ. ಆದ್ದರಿಂದ ಒಂದೊಂದು ಅಂಗಕ್ಕೂ ಒಂದೊಂದು ಕಿಣ್ವ ಹುಡುಕಬೇಕು. ಅನ್ನನಾಳದ ಕ್ಯಾನ್ಸರಿಗೆ ಅದೇ ಬಣ್ಣಕ್ಕೆ ಗ್ಲುಟಾಮಿಕ್ ಆಮ್ಲ ಮತ್ತು ಪ್ರೋಲೀನ್ ಎರಡನ್ನೂ ಜೋಡಿಸಿ, ಡಿಪಿಪಿ-4 ಎಂಬ ಇನ್ನೊಂದು ಕಿಣ್ವಕ್ಕೆ ಸ್ಪಂದಿಸುವ ಅಣು ಮಾಡಿ, ಉರಾನೊ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದರು. ಅನ್ನನಾಳವನ್ನು ಎಂಡೋಸ್ಕೋಪಿನಲ್ಲಿ ನೋಡುವಾಗ ಈಗ ಅಯೋಡಿನ್ ದ್ರಾವಣ ಹಾಕುವುದುಂಟು. ಅದು ಎದೆ ಉರಿಸುತ್ತದೆ. ಉರಿಯದ ದ್ರವವೊಂದು ಸಿಗುವುದಾದರೆ ರೋಗಿಗೆ ಅದೇ ದೊಡ್ಡ ಉಪಕಾರ.

ಶಸ್ತ್ರಚಿಕಿತ್ಸೆಯ ಕೋಣೆಗೆ ಇಂಥ ಬಣ್ಣಗಳು ಆಗಲೇ ಬಂದಿವೆ. ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ಲೋ ಅವರ ಸಂಶೋಧನೆಯಿಂದ ಹುಟ್ಟಿದ ಪಾಫೊಲಾಸಯನೀನ್‌ಗೆ 2021ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರ ಅನುಮತಿ ಸಿಕ್ಕಿತು. ಅದು ಫೋಲೇಟ್ ಹಸಿವಿರುವ ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಅಂಟುತ್ತದೆ. ಸ್ತನದ ಗಂತಿ ತೆಗೆದ ಮೇಲೆ ಗುಳಿಯಲ್ಲಿ ಚೂರು ಉಳಿದಿದೆಯೇ ಎಂದು ನೋಡಲು, ಕಿಣ್ವ ಕತ್ತರಿಸಿದರೆ ಮಾತ್ರ ಹೊಳೆಯುವ ಪೆಗುಲಿಸಯನೀನ್ 2024ರ ಏಪ್ರಿಲಿನಲ್ಲಿ ಒಪ್ಪಿಗೆ ಪಡೆಯಿತು. ಆದರೆ ಇವೆಲ್ಲ ಕ್ಯಾನ್ಸರ್ ಇದೆಯೆಂದು ಗೊತ್ತಾಗಿ, ಮೈ ಕೊಯ್ದ ಮೇಲಿನ ಮಾತು. ಕೊಯ್ಯದೆ, ಚುಚ್ಚದೆ, ರೋಗವಿಲ್ಲವೆಂದುಕೊಂಡು ಓಡಾಡುತ್ತಿರುವವರಲ್ಲಿ ಪತ್ತೆ ಮಾಡುವುದು ಬೇರೆಯೇ ಪಂದ್ಯ.

ಅಲ್ಲಿ ಮೊದಲ ಅಡ್ಡಿ ನಮ್ಮ ಚರ್ಮ ಮತ್ತು ಮಾಂಸ. ಕತ್ತಲಲ್ಲಿ ಅಂಗೈಗೆ ಟಾರ್ಚ್ ಒತ್ತಿ ಹಿಡಿದರೆ ಕೈ ಕೆಂಪಗೆ ಕಾಣುತ್ತದೆ. ನೀಲಿ, ಹಸಿರನ್ನೆಲ್ಲ ರಕ್ತ ನುಂಗಿಹಾಕಿ, ಕೆಂಪನ್ನು ಮಾತ್ರ ಬಿಟ್ಟುಕೊಡುತ್ತದೆ. 700ರಿಂದ 900 ನ್ಯಾನೊಮೀಟರಿನ ಅವಕೆಂಪು ಬೆಳಕಾದರೆ ಇನ್ನಷ್ಟು ಆಳಕ್ಕೆ ಹೋಗಬಲ್ಲದು, ಏಕೆಂದರೆ ಅಲ್ಲಿ ರಕ್ತವೂ ನೀರೂ ಕಡಿಮೆ ನುಂಗುತ್ತವೆ. 1950ರ ದಶಕದಿಂದ ಬಳಕೆಯಲ್ಲಿರುವ ಇಂಡೋಸಯನೀನ್ ಗ್ರೀನ್ ಹೊಳೆಯುವುದು ಅಲ್ಲಿಯೇ. ಆದರೂ ಅದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರಿನ ಮಾತು. ಪುಪ್ಪುಸದ ನಡುವಿನ ಗಂತಿಯ ಹೊಳಪು ಎದೆಯ ಹೊರಗೆ ಕಾಣುವುದಿಲ್ಲ.

ಬೆಳಕು ಹೊರಬರದಿದ್ದರೆ ಬಣ್ಣವೇ ಹೊರಬರಲಿ ಎಂಬುದು ಎಂಐಟಿಯ ಸಂಗೀತಾ ಭಾಟಿಯಾ ಅವರ ಉಪಾಯ. ಭಾರತದಿಂದ ವಲಸೆ ಹೋದ ತಂದೆತಾಯಿಯರ ಮಗಳು, ವೈದ್ಯರೂ ಹೌದು, ಎಂಜಿನಿಯರೂ ಹೌದು. ಅವರು ತಯಾರಿಸುವ ನ್ಯಾನೊಕಣಗಳು ರಕ್ತದಲ್ಲಿ ಸುತ್ತುವಷ್ಟು ಸಣ್ಣವು, ಆದರೆ ಮೂತ್ರಪಿಂಡದಲ್ಲಿ ಸೋಸಿ ಹೋಗದಷ್ಟು ದೊಡ್ಡವು. ಮೂತ್ರಪಿಂಡದ ಜರಡಿ ಐದಾರು ನ್ಯಾನೊಮೀಟರಿಗಿಂತ ಚಿಕ್ಕದನ್ನು ಮಾತ್ರ ಬಿಡುತ್ತದೆ. ಕಣದ ಮೈಗೆ ಸಣ್ಣ ಪೆಪ್ಟೈಡ್ ಎಳೆಗಳನ್ನು ಕಟ್ಟಿ, ಎಳೆಯ ತುದಿಯಲ್ಲಿ ಗುರುತಿನ ತುಣುಕು ಇಟ್ಟಿರುತ್ತಾರೆ. ಗಂತಿಯ ಕಿಣ್ವ ಎಳೆ ಕತ್ತರಿಸಿದರೆ ತುಣುಕು ಬಿಡುಗಡೆಯಾಗಿ, ಜರಡಿಯಲ್ಲಿ ಇಳಿದು, ಮೂತ್ರದಲ್ಲಿ ಬಂದು ಸೇರುತ್ತದೆ. ಎಳೆ ಕತ್ತರಿಸದಿದ್ದರೆ ತುಣುಕು ಬರುವುದಿಲ್ಲ. ಕತ್ತಲಾಗಿರುವ ಕೆಲಸವನ್ನು ಇಲ್ಲಿ ಗಾತ್ರಕ್ಕೆ ವಹಿಸಿದ್ದಾರೆ. 2014ರಲ್ಲಿ ಇಲಿಗಳ ಮೂತ್ರವನ್ನು ಕಾಗದದ ಪಟ್ಟಿಯ ಮೇಲೆ ಹಾಕಿ ಕರುಳಿನ ಗಂತಿ ಗುರುತಿಸಿದರು. 2024ರಲ್ಲಿ ಅದೇ ತಂಡ ಉಸಿರಿನಲ್ಲಿ ಎಳೆದುಕೊಳ್ಳುವ ಕಣಗಳನ್ನು ತಯಾರಿಸಿ, ಇಲಿಗಳ ಪುಪ್ಪುಸದ ಕ್ಯಾನ್ಸರನ್ನು ಮೂತ್ರದಲ್ಲಿ ಓದಿತು. ಚುಚ್ಚುವ ಸೂಜಿಯೂ ಹೋಯಿತು.

ಮೂತ್ರದಲ್ಲೂ ಕಾಟವಿದೆ ಅನ್ನಿ. ಬಿ ಕಾಂಪ್ಲೆಕ್ಸ್ ಮಾತ್ರೆ ತಿಂದ ದಿನ ಮೂತ್ರ ಕಣ್ಣು ಕುಕ್ಕುವ ಹಳದಿಯಾಗುವುದು ಗೊತ್ತಲ್ಲ. ಆ ರೈಬೊಫ್ಲೇವಿನ್ ತಾನೇ ಹಸಿರು ಹಳದಿಯಾಗಿ ಪ್ರತಿದೀಪಿಸುತ್ತದೆ. ಆದ್ದರಿಂದ ಗುರುತಿನ ತುಣುಕಿಗೆ ಅವಕೆಂಪು ಬಣ್ಣವನ್ನೋ, ಡಿಎನ್‌ಎಯ ಗುರುತನ್ನೋ ಬಳಸುತ್ತಾರೆ. ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ಕಾನ್ಯಿ ಪು ಅವರ ತಂಡ ಬಣ್ಣಕ್ಕೆ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಸಕ್ಕರೆಯ ಉಂಗುರ ಜೋಡಿಸಿ, ಅದು ಯಕೃತ್ತಿನಲ್ಲಿ ಸಿಕ್ಕಿಕೊಳ್ಳದೆ ಸಲೀಸಾಗಿ ಮೂತ್ರಪಿಂಡಕ್ಕೆ ಹೋಗುವಂತೆ ಮಾಡಿದೆ.

ಇಷ್ಟೆಲ್ಲ ಯಾಕೆ, ಗಂತಿ ಬಿಡುವ ಪ್ರೋಟೀನನ್ನು ರಕ್ತದಲ್ಲೇ ಹುಡುಕಬಾರದೇ ಎಂದು ಕೇಳಬಹುದು. ಹುಡುಕುತ್ತಾರೆ. ಆದರೆ ಸ್ಟ್ಯಾನ್‌ಫರ್ಡಿನ ಸಂಜೀವ್ ಗಂಭೀರ್ ಮತ್ತು ಶರನ್ ಹೋರಿ 2011ರಲ್ಲಿ ಹಾಕಿದ ಗಣಿತದ ಲೆಕ್ಕ ತಣ್ಣೀರೆರಚುತ್ತದೆ: ಅಂಡಾಶಯದ ಗಂತಿಯೊಂದು ಅಂದಿನ ರಕ್ತಪರೀಕ್ಷೆಗಳ ಕಣ್ಣಿಗೆ ಬೀಳುವ ಹೊತ್ತಿಗೆ ಸುಮಾರು ಹತ್ತು ವರ್ಷ ಬೆಳೆದು, 25 ಮಿಲಿಮೀಟರಿನಷ್ಟಾಗಿರಬಹುದು. ಗಂತಿ ಬಿಡುವ ಅಲ್ಪವೂ ಐದು ಲೀಟರ್ ರಕ್ತದಲ್ಲಿ ಕರಗಿಹೋಗುತ್ತದೆ. ಗಂತಿ ತಾನಾಗಿ ಏನಾದರೂ ಬಿಟ್ಟೀತೆಂದು ಕಾಯುವ ಬದಲು, ಅದರ ಕಿಣ್ವದಿಂದಲೇ ದುಡಿಸಿ ಸುಳಿವು ಹುಟ್ಟಿಸುವ ಶೋಧಕದ ದಾರಿಯಲ್ಲಿ ಜನರಿಗಿರುವ ಆಸೆ ಇಲ್ಲಿಂದ ಬಂದದ್ದು.

ಆಸೆಯನ್ನು ಅಂಕೆಯಲ್ಲಿಡಲು ಒಂದು ಲೆಕ್ಕ ಮಾಡಿ ನೋಡಿ. ಹತ್ತು ಸಾವಿರ ಜನರಲ್ಲಿ ಹತ್ತು ಮಂದಿಗೆ ರೋಗವಿದೆಯೆನ್ನೋಣ. ಶೋಧಕ ನೂರಕ್ಕೆ ತೊಂಬತ್ತು ರೋಗಿಗಳನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ ಐದು ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. ಕೇಳಲು ಒಳ್ಳೆಯ ಪರೀಕ್ಷೆಯೇ. ಆದರೆ ಕೈಗೆ ಸಿಗುವುದು ಒಂಬತ್ತು ನಿಜವಾದ ರೋಗಿಗಳು, ಸುಮಾರು ಐನೂರು ಸುಮ್ಮನೆ ಹೆದರಿದವರು. ಶಸ್ತ್ರಚಿಕಿತ್ಸೆಯಲ್ಲಿ ತಪ್ಪು ಹೊಳಪು ಒಂದು ಚೂರು ಮಾಂಸದ ನಷ್ಟ. ತಪಾಸಣೆಯಲ್ಲಿ ಅದು ಐನೂರು ಮನೆಗಳ ನಿದ್ದೆ. ಪತ್ರಿಕೆಗಳಲ್ಲಿ ‘ಮೂತ್ರದಿಂದ ಕ್ಯಾನ್ಸರ್ ಪತ್ತೆ’ ಎಂಬ ಶೀರ್ಷಿಕೆ ಕಂಡಾಗ ಅದು ಇಲಿಯಲ್ಲೋ ಮನುಷ್ಯರಲ್ಲೋ, ರೋಗಿಗಳಲ್ಲೋ ಆರೋಗ್ಯವಂತರಲ್ಲೋ ಎಂದು ಕೇಳುವುದು ಒಳ್ಳೆಯದು.

ಬೆಳಕು ಸಲೀಸಾಗಿ ಹೋಗಿಬರುವ ಜಾಗವೊಂದು ನಮ್ಮಲ್ಲೇ ಇದೆ: ಬಾಯಿ. ಹೊಗೆಸೊಪ್ಪು, ಗುಟ್ಕಾ, ಎಲೆಅಡಿಕೆ ಜಗಿಯುವ ನಾಡಿದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೇಳಿದ್ದು, ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕದಲ್ಲಿ ಯಾರಿಗೂ ಹಿತವಾಗಲಿಲ್ಲ. ಬಾಯಿಗೆ ಯಾವ ಬಣ್ಣವನ್ನೂ ಹಾಕಬೇಕಿಲ್ಲ. ನೀಲಿ ಬೆಳಕು ಬಿಟ್ಟರೆ ಕೆನ್ನೆಯ ಒಳಮೈ ತನ್ನೊಳಗಿನ ಕೊಲಾಜನ್, ಫ್ಲೇವಿನ್‌ಗಳಿಂದ ತಾನೇ ತಿಳಿಹಸಿರಾಗಿ ಹೊಳೆಯುತ್ತದೆ. ಕ್ಯಾನ್ಸರಿನತ್ತ ವಾಲಿದ ಭಾಗದಲ್ಲಿ ಕೊಲಾಜನ್ ಜಾಲ ಹರಿದು, ಹೊರಪದರ ದಪ್ಪವಾಗಿ, ಆ ಹಸಿರು ಆರುತ್ತದೆ. ಸಿಂಪಡಿಕೆಯ ಶೋಧಕದಲ್ಲಿ ಬೆಳಕು ಸುಳಿವಾದರೆ ಇಲ್ಲಿ ಕಪ್ಪೇ ಸುಳಿವು. ಕೆನಡಾದಲ್ಲಿ ಹುಟ್ಟಿದ ವೆಲ್‌ಸ್ಕೋಪ್, ತಿರುವನಂತಪುರದ ಸಾಸ್ಕಾನ್ ಮೆಡಿಟೆಕ್ ರೂಪಿಸಿದ ಓರಲ್‌ಸ್ಕ್ಯಾನ್ ಇಂಥ ಸಾಧನಗಳು. ಆದರೆ ಹಲ್ಲು ತಾಗಿ ಆದ ಹುಣ್ಣೂ, ಊದಿದ ವಸಡೂ ಕಪ್ಪಾಗಿ ಕಾಣಬಹುದು. ನೋಡುವವರ ಕಣ್ಣು ಪಳಗಿರಬೇಕು.

ಪಳಗಿದ ಕಣ್ಣಿನ ಬೆಲೆ ತಿಳಿಯಲು ಅದೇ ತಿರುವನಂತಪುರ ಜಿಲ್ಲೆಯ ಇನ್ನೊಂದು ಕೆಲಸ ನೋಡಬೇಕು. 1996ರಲ್ಲಿ ಆರಂಭವಾದ ದೊಡ್ಡ ಅಧ್ಯಯನದಲ್ಲಿ ತರಬೇತಿ ಪಡೆದ, ವೈದ್ಯರಲ್ಲದ ಕಾರ್ಯಕರ್ತರು ಮನೆಮನೆಗೆ ಹೋಗಿ, ಬಾಯಿ ತೆರೆಸಿ, ಬರಿಗಣ್ಣಿನಲ್ಲಿ ನೋಡಿದರು. ತಂಬಾಕು, ಮದ್ಯದ ಚಟವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಇಳಿಯಿತೆಂದು 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ವರದಿಯಾಯಿತು. ನಾಳೆ ಬಾಯಿ ಮುಕ್ಕಳಿಸುವ ಶೋಧಕವೊಂದು ಬಂದರೆ ಅದು ಈ ಬರಿಗಣ್ಣಿನ ಕೆಲಸಕ್ಕಿಂತ ಎಷ್ಟು ಮೇಲು ಎಂಬುದನ್ನು ತೋರಿಸಿಕೊಡಬೇಕಾಗುತ್ತದೆ.

ಅಣು ಕಟ್ಟುವವರಿಗೂ ಇದು ಗೊತ್ತು. ತಪ್ಪು ಹೊಳಪನ್ನು ಇಳಿಸಲು ಅವರೀಗ ಎರಡು ಕಡೆ ಬಾಯಿ ಕಟ್ಟಿದ ಶೋಧಕಗಳ ಹಿಂದೆ ಬಿದ್ದಿದ್ದಾರೆ. ಒಂದು ತುಣುಕನ್ನು ಒಂದು ಕಿಣ್ವ ಕತ್ತರಿಸಬೇಕು, ಇನ್ನೊಂದನ್ನು ಇನ್ನೊಂದು ಕಿಣ್ವ. ಎರಡೂ ಒಂದೇ ಕೋಶದ ಬಳಿ ಸಿಕ್ಕರೆ ಮಾತ್ರ ಹೊಳಪು. ಉರಿಯೂತದಲ್ಲಿ ಒಂದು ಕಿಣ್ವ ಹೆಚ್ಚಿರಬಹುದು, ಮೂತ್ರಪಿಂಡದಲ್ಲಿ ಇನ್ನೊಂದು ಹೆಚ್ಚಿರಬಹುದು, ಎರಡೂ ಕೂಡಿರುವ ಜಾಗ ಕಡಿಮೆ. ಕಷ್ಟವೆಂದರೆ ಎರಡನೆಯ ತುಣುಕು ಸೇರಿಸಿದಾಗ ಅಣು ದಪ್ಪವಾಗುತ್ತದೆ, ನೀರಿನಲ್ಲಿ ಕರಗಲು ಸತಾಯಿಸುತ್ತದೆ, ಹೊಳಪು ಬರುವುದು ತಡವಾಗುತ್ತದೆ. ಒಂದೇ ತುಣುಕು ಕಳಚಿದ ಅರೆಬರೆ ಅಣು ಚೂರೂ ಹೊಳೆಯದಂತೆ ನೋಡಿಕೊಳ್ಳುವುದೇ ಅವರಿಗೆ ಈಗಿನ ದೊಡ್ಡ ತಲೆನೋವು.